ಒಗ್ಗರಣೆಯಿಲ್ಲದ ವರ್ಷಗಳು

ನಮ್ಮ ಮನೆಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಒಗ್ಗರಣೆ ಹಾಕಿರಲಿಲ್ಲ ಎಂದರೆ ಈಗಿನ ಹುಡುಗಿಯರು ನಗುತ್ತಾರೆ. ನಗಲಿ. ಸಾಸಿವೆ ಡಬ್ಬಿ ಗೂಡಿನಲ್ಲಿ ಧೂಳು ಹಿಡಿದು ಕೂತಿತ್ತು, ಬೆಳ್ಳುಳ್ಳಿ ಗೊಂಚಲು ತೂಗಿದಲ್ಲೇ ಒಣಗಿತ್ತು. ಬೇಳೆ ಬೇಯಿಸಿ, ಉಪ್ಪು ಹಾಕಿ, ಜೋಳದ ರೊಟ್ಟಿಯ ಜೊತೆ ತಿಂದು ಏಳುತ್ತಿದ್ದೆವು. ಬಡತನ ಕಾರಣವಲ್ಲ, ಎಣ್ಣೆ ಗಡಿಗೆ ತುಂಬಿಯೇ ಇತ್ತು. ನಮ್ಮ ಮನೆಗೆ ತಾಯಿ ಬಂದಿದ್ದಳು, ಬಂದವಳು ಹೋಗಿರಲಿಲ್ಲ.

ಇದು ಅರವತ್ತರ ದಶಕದ ಮಾತು. ನಾನು ಹುಮನಾಬಾದಿನವಳು, ಅಲ್ಲಿಯ ಕಾಳಿನ ಬಜಾರಿನ ಗದ್ದಲದಲ್ಲಿ ಬೆಳೆದವಳು. ಬಸವಕಲ್ಯಾಣದಲ್ಲಿ ಕೋಟೆಯ ಹತ್ತಿರದ ಓಣಿಗೆ ಸೊಸೆಯಾಗಿ ಬಂದೆ. ಮನೆಯಲ್ಲಿ ಅತ್ತೆ, ಮಾವ, ನಾನು. ನನ್ನ ಗಂಡ ಹುಲಸೂರಿನ ಶಾಲೆಯಲ್ಲಿ ಮಾಸ್ತರರು, ಶನಿವಾರ ಬಂದು ಸೋಮವಾರ ಹೋಗುತ್ತಿದ್ದರು. ಮದುವೆಯಾದ ಎರಡನೆಯ ವರ್ಷಕ್ಕೆ ಮಗಳು ಹುಟ್ಟಿದಳು. ಗುಂಡುಗುಂಡಗೆ ಇದ್ದಳು, ಆದರೆ ನಾಲ್ಕಾರು ತಿಂಗಳಿಗೇ ಅವಳ ಕೆನ್ನೆ ಕೆಂಪಾಗಿ ಒರಟೊರಟಾಯಿತು. ಗಾಳಿಗೆ ಒಡೆದಿದೆ ಎಂದುಕೊಂಡೆವು.

ಒಂದು ಬೇಸಿಗೆಯಲ್ಲಿ ಓಣಿಯ ಮಕ್ಕಳಿಗೆಲ್ಲ ಗೊಬ್ಬರ ಎದ್ದಿತು. ದಡಾರಕ್ಕೆ ನಮ್ಮ ಕಡೆ ಗೊಬ್ಬರ ಎನ್ನುತ್ತಾರೆ. ಗೊಬ್ಬರವೋ ಸಿಡುಬೋ, ಮಗುವಿನ ಮೈಮೇಲೆ ಏನು ಎದ್ದರೂ ಅದನ್ನು ರೋಗ ಎನ್ನುವಂತಿರಲಿಲ್ಲ. ತಾಯಿ ಬಂದಿದ್ದಾಳೆ ಎನ್ನಬೇಕು, ಸಿಡುಬಾದರೆ ದೊಡ್ಡ ತಾಯಿ. ಅವಳಿಗೆ ಬೆಳಕು ಆಗದು, ಮಗುವನ್ನು ಒಳಕೋಣೆಯಲ್ಲಿ ಮಲಗಿಸಬೇಕು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಬೇಕು. ಒಗ್ಗರಣೆಯ ಘಾಟಿಗೆ ಅವಳು ಸಿಟ್ಟಾಗುತ್ತಾಳೆ, ಎಣ್ಣೆ ಕಾಯಿಸಬಾರದು. ಮಗು ಹೊಸ್ತಿಲು ದಾಟಬಾರದು. ಮೈ ತಿಳಿಯಾದ ಮೇಲೆ ಬೇವಿನ ನೀರು ಎರೆದು, ಊರ ಹೊರಗಿನ ಮರಗಮ್ಮನ ಕಟ್ಟೆಗೆ ಹೋಗಿ, ಉಡಿ ತುಂಬಿ, ಮೊಸರನ್ನ ಇಟ್ಟು, ತಣ್ಣಗೆ ಹೋಗು ತಾಯಿ ಎಂದು ಬೇಡಿಕೊಂಡು ಕಳಿಸಬೇಕು. ಕಳಿಸಿ ಮನೆಗೆ ಬರುವಾಗ ಹಿಂದೆ ತಿರುಗಿ ನೋಡಬಾರದು, ನೋಡಿದರೆ ಬೆನ್ನಿಗೇ ಬಂದುಬಿಡುತ್ತಾಳೆ. ಬೇರೆಯವರ ಮನೆಯಲ್ಲಿ ಇದೆಲ್ಲ ಎರಡು ವಾರದಲ್ಲಿ ಮುಗಿದು ಹೋಯಿತು.

ನಮ್ಮ ಮನೆಯಲ್ಲಿ ಮುಗಿಯಲಿಲ್ಲ. ಗೊಬ್ಬರದ ಗುಳ್ಳೆಗಳು ಒಣಗಿ ಉದುರಿದವು, ಜ್ವರ ಬಿಟ್ಟಿತು, ಆದರೆ ಮಗುವಿನ ಮೊಣಕೈ ಮಡಿಕೆಯಲ್ಲಿ, ಮೊಣಕಾಲ ಹಿಂದೆ, ಕುತ್ತಿಗೆಯ ಸುತ್ತ ಕೆಂಪು ಉಳಿಯಿತು. ಅಲ್ಲಿ ನೀರು ಒಸರುತ್ತಿತ್ತು, ಒಣಗಿ ಹಕ್ಕಳೆಗಟ್ಟುತ್ತಿತ್ತು, ಮಗು ಕೆರೆದುಕೊಂಡು ಮತ್ತೆ ರಕ್ತ ಬರಿಸಿಕೊಳ್ಳುತ್ತಿತ್ತು. ಕೈಗೆ ಹಳೆಯ ಧೋತರದ ಚೀಲ ಹೊಲಿದು ಕಟ್ಟಿದರೆ ಗೋಡೆಗೆ ಮೈ ತಿಕ್ಕಿಕೊಳ್ಳುತ್ತಿತ್ತು.

ಅತ್ತೆ ನೋಡಿದರು. "ಇನ್ನಾ ಹೋಗಿಲ್ಲ ಆಕಿ," ಎಂದರು. "ಮೈಮ್ಯಾಲ ಒಂದ ಗುಳ್ಳಿ ಇರೂತನ ತಾಯಿ ಇರ್ತಾಳ. ಹೊರಗ ತರಬ್ಯಾಡ."

ಅಷ್ಟೇ. ಮಳೆಗಾಲ ಬಂತು, ಹೋಯಿತು. ದೀಪಾವಳಿಗೆ ನಮ್ಮ ಮನೆಯಲ್ಲಿ ಕರಿದ ಪದಾರ್ಥ ಇಲ್ಲ. ಸಂಕ್ರಾಂತಿ ಬಂತು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಜೊತೆಗೆ ಸಪ್ಪೆ ಕಾಳು. ಒಳಕೋಣೆಗೆ ಕಿಟಕಿ ಇರಲಿಲ್ಲ, ಮಾಳಿಗೆಯ ಬೆಳಕಿಂಡಿಯೊಂದಿತ್ತು, ಅದರ ಮೇಲೂ ಅತ್ತೆ ಚಪ್ಪಡಿ ಎಳೆಸಿದ್ದರು. ಅವರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಗಲೆಲ್ಲ ಆ ಕತ್ತಲಲ್ಲಿ ಮಗುವಿನ ಪಕ್ಕ ಕೂತು ಬೇವಿನ ಸೊಪ್ಪಿನಿಂದ ಗಾಳಿ ಹಾಕುತ್ತಿದ್ದವರು ಅವರೇ. ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸೊರಗಿದವರು ಮಾವ. ನಾಲಿಗೆಯ ಚಪಲ ಅವರಿಗೆ ಮೊದಲಿನಿಂದಲೂ ಇತ್ತು. ಸಂಜೆಯಾದರೆ ಗುಡಿಗೆ ಹೋಗಿ ಬರುತ್ತೇನೆ ಎಂದು ಹೊರಡುವರು, ಬರುವಾಗ ಏಲಕ್ಕಿ ಜಗಿಯುತ್ತ ಬರುವರು. ಏಲಕ್ಕಿಯ ಹಿಂದೆ ಮಿರ್ಚಿ ಭಜಿಯ ವಾಸನೆ ಸ್ಪಷ್ಟವಾಗಿ ಬರುತ್ತಿತ್ತು. ಅತ್ತೆಗೆ ಗೊತ್ತಿತ್ತೋ ಇಲ್ಲವೋ, ನನಗಂತೂ ಹೊಟ್ಟೆಯೊಳಗೆ ಬೆಂಕಿ ಬೀಳುತ್ತಿತ್ತು. ಆ ಮನುಷ್ಯನಿಗೆ ಬಸ್ ಸ್ಟ್ಯಾಂಡಿನ ಭಜಿ ಅಂಗಡಿಯ ತನಕ ಹೋಗುವ ದಾರಿಯಾದರೂ ಇತ್ತು.

ನನ್ನ ಗಂಡನಿಗೆ ಶನಿವಾರ ಶನಿವಾರ ಹೇಳುತ್ತಿದ್ದೆ. ಅವರು ಶಾಂತ ಸ್ವಭಾವದವರು. "ಅವ್ವ ಅನ್ನೂದೂ ಖರೆ ಅದ, ನೀ ಅನ್ನೂದೂ ಖರೆ ಅದ," ಎನ್ನುವರು. ಹಾಗಾದರೆ ಸುಳ್ಳು ಯಾವುದು ಎಂದು ಕೇಳಿದರೆ ಮಕ್ಕಳ ಪರೀಕ್ಷೆಯ ಕಾಗದ ತೆಗೆದು ಕೂರುವರು.

ಮಗುವಿಗೆ ಎರಡು ತುಂಬಲು ಬಂತು. ಅದರ ವಾರಿಗೆಯ ಪಕ್ಕದ ಮನೆಯ ಹುಡುಗ ಮಾಳಿಗೆ ಮೇಲೆ ದಡದಡ ಓಡುತ್ತಿದ್ದ, ಆ ಸದ್ದು ನಮ್ಮ ಒಳಕೋಣೆಗೆ ಕೇಳುತ್ತಿತ್ತು. ನನ್ನ ಮಗಳು ಗೋಡೆ ಹಿಡಿದು ನಿಲ್ಲುವಳು, ಮುಲುಗುವಳು, ಕುಸಿದು ಕೂರುವಳು. ನಿಂತಾಗ ದೀಪ ಹಿಡಿದು ನೋಡಿದೆ. ಕಾಲುಗಳು ಮೊಣಕಾಲಿನಲ್ಲಿ ಹೊರಗೆ ಬಾಗಿ, ನಡುವೆ ಕೊಡ ಇಟ್ಟರೆ ಹಿಡಿಸುವಷ್ಟು ಸಂದು ಬಿಟ್ಟಿದ್ದವು. ಮುಂಗೈ ಗಂಟು ದಪ್ಪಗಾಗಿತ್ತು. ತುರಿಕೆ ನೋಡಿ ನೋಡಿ ಕಾಲು ನೋಡುವುದನ್ನೇ ಮರೆತಿದ್ದೆವು. ಮೈ ಕೆರೆದುಕೊಳ್ಳುವ ಮಗಳನ್ನು ಹೇಗಾದರೂ ಸಾಕಿಯೇನು, ನಡೆಯಲಾರದ ಮಗಳನ್ನು ಈ ಕತ್ತಲಲ್ಲಿ ಬಿಟ್ಟು ನಾನು ಸಾಯುವುದಿಲ್ಲ ಎಂದು ಆ ದೀಪದ ಮುಂದೆಯೇ ನಿಶ್ಚಯಿಸಿದೆ.

ಪಂಚಮಿ ಹಬ್ಬ ಹತ್ತಿರ ಬಂದಿತ್ತು. ನಮ್ಮ ಕಡೆ ಪಂಚಮಿಗೆ ಮಗಳು ತವರಿಗೆ ಹೋಗಬೇಕು, ತಡೆಯುವವರಿಲ್ಲ. ನಾನು ಕೇಳಲಿಲ್ಲ, ಹೇಳಿದೆ.

"ಅತ್ತಿ, ನಾ ಹುಮನಾಬಾದಕ್ಕ ಹೊಂಟೇನ್ರಿ. ಕೂಸಿನ್ನ ಕರಕೊಂಡೇ ಹೊಂಟೇನಿ. ಅಲ್ಲಿ ಡಾಕ್ಟರಗ ತೋರಸ್ತೀನಿ."

"ತಾಯಿ ಇದ್ದ ಕೂಸ ಹೊಸ್ತಿಲ ದಾಟಬಾರದು."

"ನಾ ಕೂಸಿನ ತಾಯಿ ಇದ್ದೀನ್ರಿ. ಜವಾಬ್ದಾರಿ ನಂದು."

ಅತ್ತೆ ಮಗುವನ್ನು ತಲೆಯಿಂದ ಕಾಲಿನತನಕ ಧೋತರದಲ್ಲಿ ಸುತ್ತಿದರು, ಸುತ್ತಿದ ಬಟ್ಟೆಗೆ ಬೇವಿನ ಎಸಳು ಸಿಕ್ಕಿಸಿದರು, ಆಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟರು. ಮಾವ ಬಸ್ ಸ್ಟ್ಯಾಂಡಿನತನಕ ಬಂದರು. ನನ್ನ ಎದುರಿಗೇ ಭಜಿ ಕಟ್ಟಿಸಿಕೊಂಡು, ಒಂದು ಬಾಯಿಗೆ ಹಾಕಿ, ಕಣ್ಣಲ್ಲಿ ನೀರು ತಂದುಕೊಂಡು, "ಆಕಿಗಿ ಹೇಳಬ್ಯಾಡವ್ವಾ," ಎಂದರು. ನೀರು ಮೆಣಸಿನಕಾಯಿಯದೋ ಮೊಮ್ಮಗಳದೋ ನಾನು ಕೇಳಲಿಲ್ಲ.

ಬಸ್ಸಿನಲ್ಲಿ ಬೇವಿನ ಎಸಳು ನೋಡಿದ್ದೇ ತಡ, ನಮ್ಮ ಪಕ್ಕದವರು ಎದ್ದು ಹಿಂದೆ ಹೋದರು, ಮುಂದಿನವರು ಇನ್ನೂ ಮುಂದೆ ಸರಿದರು. ಹಬ್ಬದ ಜನ ಬಾಗಿಲಿಗೆ ಜೋತುಬಿದ್ದಿದ್ದ ಆ ಬಸ್ಸಿನಲ್ಲಿ ನಾವಿಬ್ಬರೇ ಒಂದು ಸೀಟು ತುಂಬಾ ಕಾಲು ಚಾಚಿ ಕೂತು ಹೋದೆವು. ಹುಮನಾಬಾದ್ ಮುಟ್ಟುವವರೆಗೂ ಎಸಳು ತೆಗೆಯಬಾರದು ಎಂದು ನಾನೂ ಜಾಣತನ ಮಾಡಿದೆ ಅನ್ನಿ.

ತವರಿನಲ್ಲಿ ನನ್ನವ್ವ ಮಗುವಿನ ಕಾಲು ನೋಡಿ ಸೆರಗು ಬಾಯಿಗೆ ಹಿಡಿದಳು. ಮರುದಿನವೇ ಇಬ್ಬರೂ ದವಾಖಾನೆಗೆ ಹೋದೆವು. ಡಾಕ್ಟರ್ ಸಾಹೇಬರು ಹೈದರಾಬಾದಿನಲ್ಲಿ ಓದಿ ಬಂದವರು, ವಯಸ್ಸಾದವರು, ಕನ್ನಡದಲ್ಲಿ ದಖನಿ ಬೆರೆಸಿ ಮಾತಾಡುತ್ತಿದ್ದರು. ಮಗುವನ್ನು ಬಾಗಿಲ ಬೆಳಕಿಗೆ ಒಯ್ದು ಸುತ್ತಿದ ಬಟ್ಟೆ ಬಿಚ್ಚಿದರು. ಬೆಳಕಿಗೆ ಅದು ಕಣ್ಣು ಮುಚ್ಚಿಕೊಂಡು ಚೀರಿತು. ಅವರು ಮುಂಗೈ ಒತ್ತಿ ನೋಡಿದರು, ಪಕ್ಕೆಲುಬು ಸವರಿದರು, ಕಾಲು ಜೋಡಿಸಿ ನೋಡಿದರು.

"ಇದನ್ನ ಎಲ್ಲಿ ಇಟ್ಟಿದ್ರಿ ಬೇಟಿ?"

"ಒಳಗ್ರಿ. ತಾಯಿ ಬಂದಾಳಂತ."

"ಎಷ್ಟ ದಿನದಿಂದ?"

"ಹ್ವಾದ ವರ್ಷದ ಬ್ಯಾಸಗಿಯಿಂದ್ರಿ."

ಅವರು ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ಬೈಯಲಿಲ್ಲ. ಸ್ಟೂಲು ಎಳೆದು ನನ್ನನ್ನೂ ಕೂರಿಸಿ, ಮಗುವಿನ ಮೊಣಕೈ ತೋರಿಸಿ ಹೇಳಿದರು: "ಇಲ್ಲಿ ಆಗಿದ್ದು ಇಸಬು. ತಾಯಿ ಅಲ್ಲ, ಗೊಬ್ಬರಾನೂ ಅಲ್ಲ. ಒಬ್ಬರಿಂದ ಒಬ್ಬರಿಗಿ ಹತ್ತಂಗಿಲ್ಲ. ಕಾಲ ಡೊಂಕ ಆಗಿದ್ದು ಬ್ಯಾರೆ. ಬಿಸಿಲು ಮೈಮ್ಯಾಲ ಬಿದ್ರ ಮೈಯೊಳಗ ಡಿ ವಿಟಮಿನ್ ಅಂತ ತಯಾರ್ ಆಗ್ತದ. ಅದಿಲ್ಲಂದ್ರ ಎಲುಬು ಗಟ್ಟಿ ಆಗಂಗಿಲ್ಲ. ಮೀನಿನ ಎಣ್ಣಿ ಬರದಕೊಟ್ರ ನಿಮ್ಮ ಮನ್ಯಾಗ ನಡೀತದೇನು?"

"ನಡ್ಯಂಗಿಲ್ರಿ. ಒಗ್ಗರಣಿ ಎಣ್ಣೀನೇ ನಡ್ಯಂಗಿಲ್ಲ."

ಅವರಿಗೆ ನಗು ಬಂತು, ತಡೆದುಕೊಂಡರು. "ಹಂಗಾದ್ರ ಬಿಸಿಲೇ ದವಾ. ಮುಂಜಾನೆ ದಿನಾ ಬರೀ ಮೈಲೆ ಬಿಸಿಲಿಗಿ ಕೂಡಸು. ಹಾಲು ಕುಡಸು. ಎರದ ಮ್ಯಾಲ ಮೈ ಒಣಗಾಕ ಬಿಡಬ್ಯಾಡ, ತುಪ್ಪ ಹಚ್ಚು."

"ಇಸಬೂ ಹೋಗ್ತದೇನ್ರಿ?"

"ಕಾಲಿಂದು ಮಾತ ಕೊಡ್ತೀನಿ. ಚರ್ಮದ್ದು ಕೊಡಂಗಿಲ್ಲ. ಬಿಸಿಲಿಗಿ ಕೆಲವು ಮಕ್ಕಳಿಗಿ ಕಮ್ಮಿ ಆಗ್ತದ, ಕೆಲವ್ರಿಗಿ ಆಗಂಗಿಲ್ಲ. ಯಾಕಂತ ನನಗ ಗೊತ್ತಿಲ್ಲ."

ಆ ಮಾತಿಗೇ ನಾನು ಅವರನ್ನು ನಂಬಿದೆ. ಅಲ್ಲಿಯವರೆಗೆ ನನ್ನ ಮಗಳ ಮೈ ನೋಡಿದ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಗೊತ್ತಿಲ್ಲ ಎಂದವರು ಇವರೊಬ್ಬರೇ. ಎಷ್ಟೋ ವರ್ಷದ ಮೇಲೆ, ಎಂಬತ್ತರ ದಶಕದಲ್ಲಿ, ಸಂಬಂಧಿಕರ ಕೂಸಿನ ಇಸಬು ತೋರಿಸಲು ಹೋದಾಗ ಅದೇ ಊರಿನ ಇನ್ನೊಬ್ಬ ಡಾಕ್ಟರರಿಗೂ ಈ ಪ್ರಶ್ನೆ ಹಾಕಿದೆ. ಡಿ ವಿಟಮಿನ್ ಕಡಿಮೆ ಇದ್ದವರಿಗೆ ಇಸಬು ಹೆಚ್ಚೇನು ಎಂದು. ಇದ್ದರೂ ಇರಬಹುದಮ್ಮ, ಇನ್ನೂ ಗಟ್ಟಿಯಾಗಿ ಹೇಳುವ ಹಾಗಿಲ್ಲ ಎಂದರು. ಹಾಗಾಗಿ ನಾನೂ ಯಾರಿಗೂ ಗಟ್ಟಿಯಾಗಿ ಹೇಳಲು ಹೋಗುವುದಿಲ್ಲ.

ಹಬ್ಬ ಮುಗಿಸಿ ಕಲ್ಯಾಣಕ್ಕೆ ಬಂದವಳೇ ಅತ್ತೆಯ ಮುಂದೆ ಕೂತು ಒಂದೂ ಮುಚ್ಚಿಡದೆ ಹೇಳಿದೆ. ಇದು ತಾಯಿಯಲ್ಲ, ಇಸಬು. ಬಿಸಿಲಿಲ್ಲದೆ ಕಾಲು ಡೊಂಕಾಗಿದೆ. ನಾಳೆಯಿಂದ ಅಂಗಳದಲ್ಲಿ ಕೂರಿಸುತ್ತೇನೆ. ನನ್ನ ದನಿ ಏರಿತ್ತು. ಮಾಳಿಗೆಯ ಚಪ್ಪಡಿ ನಾನೇ ಸರಿಸುತ್ತೇನೆ ಎಂದೂ ಅಂದೆ.

ಅತ್ತೆ ನನಗಲ್ಲ ಎಂಬಂತೆ ಹೇಳಿದರು.

"ನನಗೂ ಒಂದ ಹೆಣ್ಣ ಕೂಸಿತ್ತು. ನಿನ್ನ ಗಂಡನಕಿಂತ ಮೊದಲ ಹುಟ್ಟಿತ್ತು. ನಿಜಾಮರ ಕಾಲದಾಗ ಊರಿಗಿ ದೊಡ್ಡ ತಾಯಿ ಬಂದಾಗ ಅದಕ್ಕೂ ಎದ್ದಿತ್ತು. ಎಲ್ಲಾ ಒಣಗಿತ್ತವ್ವ. ಆಡಾಕತ್ತಿತ್ತು. ಹೋಗ್ಯಾಳ ಬಿಡು ಅಂತ ನಾ ಬ್ಯಾಳಿಗಿ ಒಗ್ಗರಣಿ ಹಾಕಿದೆ. ಕೂಸೇ ಕೇಳಿತ್ತು, ಘಮ ಘಮ ಮಾಡವ್ವ ಅಂತ. ಸಂಜಿಗಿ ಜ್ವರ ಬಂತು."

ಮುಂದಿನದನ್ನು ಅವರು ಹೇಳಬೇಕಾಗಿರಲಿಲ್ಲ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಆ ಮಗುವಿನ ಸುದ್ದಿ ನನಗೆ ಯಾರೂ ಹೇಳಿರಲಿಲ್ಲ. ನನ್ನ ಸಿಟ್ಟೆಲ್ಲ ಒಮ್ಮೆಲೇ ಇಳಿದುಹೋಯಿತು. ಈ ಹೆಂಗಸು ನನ್ನ ಮಗಳನ್ನು ಕತ್ತಲಲ್ಲಿ ಇಟ್ಟಿದ್ದು ಹಠಕ್ಕಲ್ಲ, ಇನ್ನೊಂದು ಸಲ ಕೊಲ್ಲಲು ಕೈ ಬರದೆ ಎಂದು ತಿಳಿಯಿತು. ಅತ್ತೆಯ ಕಾಲು ಹಿಡಿದು ಅತ್ತುಬಿಡಬೇಕು ಎನಿಸಿತು. ಅಳಲಿಲ್ಲ. ಅತ್ತು ಒಪ್ಪಿಕೊಂಡರೆ ಮಗುವಿನ ಕಾಲು ಅಲ್ಲಿಗೇ ಮುಗಿಯಿತು.

ಆ ವಾರವೆಲ್ಲ ರೊಟ್ಟಿ ತಟ್ಟುತ್ತ ಯೋಚಿಸಿದೆ. ತಾಯಿ ಇಲ್ಲ ಎಂದು ಅತ್ತೆಗೆ ಒಪ್ಪಿಸಲು ನನ್ನಿಂದ ಆಗದು, ಡಾಕ್ಟರರಿಂದಲೂ ಆಗದು, ನನ್ನ ಗಂಡನಿಂದ ಮೊದಲೇ ಆಗದು. ಇದ್ದಾಳೆ, ಸರಿ. ಇದ್ದವಳನ್ನು ಕಳಿಸುವುದಕ್ಕೆ ದಾರಿ ಇದೆಯಲ್ಲ. ಕಟ್ಟೆ ಊರ ಹೊರಗಿದೆ, ಮಗುವನ್ನು ಅಲ್ಲಿಗೆ ಒಯ್ಯಲೇಬೇಕು, ಬೇವಿನ ನೀರು ಎರೆಯಲೇಬೇಕು. ಎರೆದ ಮೈಯನ್ನು ಬಟ್ಟೆಯಿಂದ ಒರೆಸುವ ಹಾಗಿಲ್ಲ, ತಾಯಿ ಇದ್ದ ಮೈ, ಗಾಳಿ ಬಿಸಿಲಿಗೇ ಆರಬೇಕು. ಇದೆಲ್ಲ ನಾನು ಹುಟ್ಟಿಸಿದ್ದಲ್ಲ, ಅತ್ತೆಯ ಬಾಯಿಂದಲೇ ಕೇಳಿದ್ದು.

"ಅತ್ತಿ," ಎಂದೆ, "ಮೈ ತಿಳಿ ಆದಮ್ಯಾಲ ಕಳಸೂಣು ಅಂತ ನಾವು ಕುಂತೀವಿ. ಕಳಸಿಲ್ಲಂತ ಆಕಿ ಕುಂತಾಳ. ದಿನಾ ಮುಂಜಾನಿ ಕಟ್ಟಿಗಿ ಹೋಗಿ ಕೇಳೂಣ್ರಿ. ಒಂದ ಸಲಕ್ಕ ಹೋಗದಕಿ ದಿನಾ ಕೇಳಿದ್ರ ಹೋದಾಳು."

"ಹಂಗ ಯಾರೂ ಮಾಡಿಲ್ಲ."

"ಹಿಂಗ ವರ್ಷಗಟ್ಟಲೆ ಯಾರ ಮನ್ಯಾಗೂ ಕುಂತಿಲ್ರಿ ಆಕಿ."

ಅತ್ತೆ ನನ್ನ ಮುಖ ನೋಡಿದರು. "ಬಿಸಿಲಿಗಿ ಒಯ್ಯಾಕ ಹಿಂಗ ಮಾಡಾಕತ್ತೀಯೇನು?"

"ಹೌದ್ರಿ," ಎಂದೆ. ಸುಳ್ಳು ಹೇಳಿ ಗೆಲ್ಲುವ ಆಸೆ ನನಗಿರಲಿಲ್ಲ. "ನಾ ಬಿಸಿಲಿಗಿ ಬರ್ತೀನಿ. ನೀವು ತಾಯಿಗಿ ಬರ್ರಿ. ಕಟ್ಟಿ ಒಂದೇ ಅದ."

ಅವರು ಎದ್ದು ಹೋದರು. ಮರುದಿನ ನಾನು ಅಂಗಳ ಸಾರಿಸಿ ಬರುವಷ್ಟರಲ್ಲಿ ತಾಮ್ರದ ಚರಿಗೆಯಲ್ಲಿ ಬೇವಿನ ನೀರು ತುಂಬಿಕೊಂಡು, ಮೊಸರನ್ನದ ಬಟ್ಟಲು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದರು. ಚರಿಗೆಯ ನೀರು ತುಳುಕುತ್ತಿತ್ತು. "ನಡಿ," ಎಂದರು.

ಮರಗಮ್ಮನ ಕಟ್ಟೆ ನಮ್ಮ ಓಣಿಯಿಂದ ದೂರವೇನಲ್ಲ, ಊರು ಮುಗಿದು ಹೊಲ ಶುರುವಾಗುವಲ್ಲಿ ಬೇವಿನ ಮರದ ಬುಡಕ್ಕೆ ಇತ್ತು. ಅರಿಷಿಣ ಬಳಿದ ಕಲ್ಲು, ಸುತ್ತ ಒಡೆದ ಹಸಿರು ಬಳೆ. ಮೊದಲ ದಿನವೇ ನನಗೆ ಒಂದು ತೊಡಕು ಎದುರಾಯಿತು. ಕಲ್ಲು ಇರುವುದು ನೆರಳಿನಲ್ಲಿ. ಅತ್ತೆ ಮಗುವನ್ನು ಕಲ್ಲಿನ ಮುಂದೆ ಕೂರಿಸುವರು, ನಾನು ನೀರು ಎರೆದ ನೆಪ ಮಾಡಿ ಮೂಡಣ ಅಂಚಿಗೆ, ಬಿಸಿಲಿಗೆ, ಸರಿಸುವೆ. ಎರಡನೆಯ ತೊಡಕು ಇನ್ನೂ ದೊಡ್ಡದು. ಅತ್ತೆಯ ಪ್ರಾರ್ಥನೆ ಬಲು ಚಿಕ್ಕದು. ತಾಯೀ ತಣ್ಣಗ ಹೋಗು, ಕೂಸಿನ್ನ ಕಾಯಿ, ಅಷ್ಟೇ, ಎದ್ದು ನಿಲ್ಲುವರು. ಮಗುವಿನ ಮೈ ಆರುವುದಕ್ಕೂ ಸಮಯ ಸಾಲದು.

"ಹುಲಸೂರಾಗ ಇರೂ ನಿಮ್ಮ ಮಗನ ಹೆಸರಿಲೆ ಕೇಳಿಕೊಂಡ್ರೇನ್ರಿ?" ಎನ್ನುವೆ. ಅಯ್ಯೋ ಮರೆತೆ ಎಂದು ಮತ್ತೆ ಕೂರುವರು. ಆಮೇಲೆ ಮಾವನ ಮೊಣಕಾಲು ನೋವು. ಆಮೇಲೆ ನನ್ನ ತವರಿನವರು, ಎಮ್ಮೆ, ಎಮ್ಮೆಯ ಕರು, ಪಕ್ಕದ ಮನೆಯ ಹುಡುಗ ಮಾಳಿಗೆಯಿಂದ ಬೀಳದಿರಲೆಂದು. ಕೆಲವೇ ದಿನಗಳಲ್ಲಿ ಬಸವಕಲ್ಯಾಣದ ಅರ್ಧ ಊರಿನ ಕ್ಷೇಮ ನಮ್ಮ ಅತ್ತೆಯ ಪ್ರಾರ್ಥನೆಗೆ ಸೇರಿತು. ಮಗು ಅಷ್ಟು ಹೊತ್ತೂ ಬಿಸಿಲಲ್ಲಿ ಬರಿಮೈಯಲ್ಲಿ ಕೂತು ಬಳೆ ಚೂರು ನೋಡುತ್ತಿತ್ತು, ಬಾಯಿಗೆ ಹಾಕದಂತೆ ನಾನು ಕಾಯುತ್ತಿದ್ದೆ. ಮೈ ಆರಿದ ಕೂಡಲೇ ತುಪ್ಪ ಹಚ್ಚುವುದು. ಎಣ್ಣೆ ಆಗದು ಎಂದ ಅತ್ತೆ ತುಪ್ಪ ತಂಪು, ಆಗಬಹುದು ಎಂದರು. ಅವರೇ ಕಂಚಿನ ತಾಟಿನಲ್ಲಿ ತುಪ್ಪಕ್ಕೆ ನೀರು ಹಾಕಿ, ಅಂಗೈಯಿಂದ ತಿಕ್ಕಿ ತೊಳೆದು, ನೀರು ಚೆಲ್ಲಿ, ಮತ್ತೆ ತೊಳೆದು, ಬೆಳ್ಳಗೆ ಬೆಣ್ಣೆಯಂತೆ ಮಾಡಿ ಕೊಡುತ್ತಿದ್ದರು.

ಬರುವಾಗ ಅತ್ತೆ ಮುಂದೆ, ನಾನು ಹಿಂದೆ. ಇಬ್ಬರೂ ತಿರುಗಿ ನೋಡುವಂತಿಲ್ಲ. ನನ್ನ ಹೆಗಲ ಮೇಲಿನ ಮಗು ಮಾತ್ರ ಹಿಂದೆ ನೋಡಿಕೊಂಡೇ ಬರುತ್ತಿತ್ತು, ಅದಕ್ಕೆ ಯಾರು ಏನು ಹೇಳಲಾದೀತು.

ಓಣಿಯವರು ಸುಮ್ಮನಿರಲಿಲ್ಲ. ತಾಯಿಯನ್ನು ದಿನಾ ಬೀದಿಯಲ್ಲಿ ಮೆರೆಸುತ್ತಾರೆ, ನಮ್ಮ ಮಕ್ಕಳಿಗೆ ಹತ್ತುತ್ತದೆ ಎಂದು ಮಾವನ ಹತ್ತಿರ ಪಂಚಾಯಿತಿ ಮಾಡಲು ಬಂದರು. ಮಾವ ಎಂದೂ ಯಾರಿಗೂ ಎದುರು ಮಾತಾಡಿದವರಲ್ಲ. ಅಂದು ಪಡಸಾಲೆಯಲ್ಲಿ ನಿಂತು, "ವರ್ಷಾತು ನಾ ಸಪ್ಪನ ಬ್ಯಾಳಿ ಉಣ್ಣಾಕತ್ತೀನಿ. ನಿಮ್ಮ ಮನ್ಯಾಗ ನನಗ ದಿನಾ ಒಗ್ಗರಣಿ ಹಾಕ್ತೀರೇನು? ಹಾಕೂದಾದ್ರ ನಿಲ್ಲಸ್ತೀವಿ," ಎಂದರು. ಬಂದವರು ಬಂದ ದಾರಿಯಲ್ಲೇ ಹೋದರು.

ಚಳಿಗಾಲಕ್ಕೆ ಮಗುವಿನ ಮೈ ಎಷ್ಟೋ ವಾಸಿ ಎನಿಸಿತು. ಕುತ್ತಿಗೆ ತಿಳಿಯಾಯಿತು, ನಿದ್ದೆ ಬರತೊಡಗಿತು. ಬಿಸಿಲು ಏರುವವರೆಗೂ ಕಟ್ಟೆಯ ಮೇಲೆ ಕೂರುತ್ತಿದ್ದೆವು. ಗೆದ್ದೆ ಎಂದುಕೊಂಡೆ. ಶಿವರಾತ್ರಿ ಕಳೆದು ಸೆಕೆ ಶುರುವಾದದ್ದೇ ಬೆವರಿಗೆ ಇಸಬು ಮತ್ತೆ ಕೆರಳಿತು. ಮೊಣಕೈ ಹಸಿಯಾಯಿತು, ಮಗು ರಾತ್ರಿಯೆಲ್ಲ ಅತ್ತಿತು. ಬೆಳಗ್ಗೆ ಅತ್ತೆ ಚರಿಗೆ ಮುಟ್ಟಲಿಲ್ಲ. ಒಳಕೋಣೆಯ ಬಾಗಿಲಲ್ಲಿ ಅಡ್ಡ ಕೂತರು.

"ಸಾಕವ್ವಾ. ಆಕಿ ಸಿಟ್ಟಾಗ್ಯಾಳ. ಇನ್ನ ಒಯ್ಯಬ್ಯಾಡ."

ನನಗೂ ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ. ನನ್ನ ಹಠಕ್ಕೆ ಮಗುವಿನ ಚರ್ಮ ಸುಲಿಯುತ್ತಿದೆಯೇನೋ ಎನಿಸಿತು. ಆದರೂ ಮಗುವನ್ನು ಎತ್ತಿಕೊಂಡು ಅತ್ತೆಯ ಮುಂದೆ ಕೂತೆ. ಅದರ ಕಾಲನ್ನು ಅವರ ಕೈಗೆ ಕೊಟ್ಟೆ.

"ಮೈ ಬಿಡ್ರಿ. ಕಾಲ ಹಿಡದ ನೋಡ್ರಿ. ಪಂಚಮಿಗಿ ಹಿಂಗಿತ್ತೇನ್ರಿ?"

ಅವರು ಹಿಡಿದರು. ಕಾಲಿನಲ್ಲಿ ಬಿಗಿ ಬಂದಿತ್ತು. ಮಗು ಅತ್ತೆಯ ಅಂಗೈಯನ್ನು ಕಾಲಿನಿಂದ ಬಲವಾಗಿ ಒದೆಯಿತು. ಅತ್ತೆ ಇನ್ನೊಂದು ಕಾಲನ್ನೂ ಹಿಡಿದು ನೋಡಿದರು. ಮತ್ತೆ ಒದೆ. ಎದ್ದು ಚರಿಗೆ ತಂದರು. ಅಂದಿನಿಂದ ಬಿಸಿಲು ಕಾಯುವ ಮೊದಲೇ ಹೋಗಿ, ಬೆವರು ಬರುವ ಮೊದಲೇ ಬರತೊಡಗಿದೆವು. ಮೈಗೆ ಸುತ್ತುವ ಧೋತರ ಬಿಟ್ಟು ತೆಳು ಅಂಗಿ ಹಾಕಿದೆವು.

ಮಗು ಗೋಡೆ ಬಿಟ್ಟು ನಿಲ್ಲುವುದನ್ನು ಆ ಮಳೆಗಾಲದಲ್ಲಿ ಕಲಿಯಿತು. ನಿಲ್ಲುವುದು ಅಷ್ಟೇ, ಹೆಜ್ಜೆ ಕಿತ್ತಿಡಲು ಒಲ್ಲದು. ಕರೆದರೆ ಎರಡೂ ಕೈ ಚಾಚಿ ಎತ್ತಿಕೋ ಎನ್ನುವುದು. ಮೊಣಕೈ, ಮೊಣಕಾಲ ಹಿಂದಿನ ಇಸಬು ಒಮ್ಮೆ ಕಡಿಮೆಯಾಗುವುದು, ಒಮ್ಮೆ ಹೆಚ್ಚಾಗುವುದು, ಪೂರ್ತಿ ಹೋದದ್ದೇ ಇಲ್ಲ. ಹಾಗಾಗಿ ಅತ್ತೆಯ ಲೆಕ್ಕದಲ್ಲಿ ತಾಯಿಯೂ ಹೋಗಿರಲಿಲ್ಲ, ಮನೆಯಲ್ಲಿ ಒಗ್ಗರಣೆಯೂ ಇರಲಿಲ್ಲ.

ದಸರಾ ಕಳೆದ ಮೇಲಿನ ಒಂದು ಬೆಳಗು. ಪೂಜೆ ಮುಗಿಯಿತು, ಊರಿನವರೆಲ್ಲರ ಹೆಸರೂ ಮುಗಿಯಿತು. ಅತ್ತೆ ಚರಿಗೆ ಎತ್ತಿಕೊಂಡು ಎಂದಿನಂತೆ ಮುಂದೆ ಹೊರಟರು. ಮಗು ಕಟ್ಟೆಯ ಅಂಚು ಹಿಡಿದು ನಿಂತಿತ್ತು. ನಾನು ಎತ್ತಿಕೊಳ್ಳಲು ಬಗ್ಗಿದವಳು ಬಗ್ಗಿದಲ್ಲೇ ನಿಂತೆ. ಏನು ತೋಚಿತೋ, ಎತ್ತಿಕೊಳ್ಳಲಿಲ್ಲ. ಪಕ್ಕಕ್ಕೆ ಸರಿದೆ. ಅಜ್ಜಿಯ ಬೆನ್ನು ದೂರವಾಗುವುದನ್ನು ಮಗು ನೋಡಿತು. ನನ್ನ ಕಡೆ ಕೈ ಚಾಚಿತು. ನಾನು ಕೈ ಕಟ್ಟಿಕೊಂಡೆ. ಎಂಥ ತಾಯಿ ಎಂದು ನೋಡಿದವರು ಅಂದಿದ್ದರೆ ಅನ್ನಲಿ.

ಅದು ಕಟ್ಟೆಯ ಅಂಚು ಬಿಟ್ಟಿತು. ಒಂದು ಹೆಜ್ಜೆ ಇಟ್ಟಿತು. ತೂಗಾಡಿತು. ಇನ್ನೊಂದು ಇಟ್ಟಿತು. ಡೊಂಕು ಇನ್ನೂ ಉಳಿದಿದ್ದ ಆ ಕಾಲಿನಿಂದ ಅಜ್ಜಿಯ ಹಿಂದೆ ಹೊಲದ ದಾರಿ ಹಿಡಿಯಿತು. ಅತ್ತೆ ಮಾತ್ರ ತಿರುಗದೆ ಹೋಗುತ್ತಲೇ ಇದ್ದರು. ಅವರಿಗೆ ಹೇಗೆ ಗೊತ್ತಾಗಬೇಕು? ನಾನು ಕೂಗಲಿಲ್ಲ.

ಮಗುವೇ ಅಜ್ಜಿಯನ್ನು ಕೂಗಿತು. "ಆಯಿ."

ಅತ್ತೆ ನಿಂತರು. ಆ ದನಿ ನನ್ನ ಹೆಗಲ ಎತ್ತರದಿಂದ ಬಂದದ್ದಲ್ಲ, ನೆಲದ ಹತ್ತಿರದಿಂದ ಬಂದದ್ದು ಎಂದು ಅವರಿಗೆ ತಿಳಿಯಿತು. ತಿರುಗಬಾರದು ಎಂದು ತಿಳಿದವರು ಅವರಷ್ಟು ಆ ಊರಿನಲ್ಲಿ ಯಾರೂ ಇರಲಿಲ್ಲ. ಅವರ ಬೆನ್ನು ಬಿಗಿದು ನಿಂತದ್ದು ನನಗೆ ಕಾಣುತ್ತಿತ್ತು. ಮಗು ಮತ್ತೊಮ್ಮೆ "ಆಯಿ" ಎಂದಿತು.

ಅತ್ತೆ ತಿರುಗಿದರು.

ನೋಡಿದರು. ಮಗು ನಡೆದು ಬಂದು ಅವರ ಸೀರೆಯ ನಿರಿಗೆ ಹಿಡಿದುಕೊಂಡಿತು. ಚರಿಗೆ ಕೆಳಗೆ ಬಿತ್ತು. ಅತ್ತೆ ಅಲ್ಲೇ ದಾರಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಮಗುವಿನ ಪಾದ ಹಿಡಿದರು, ಪಾದದಿಂದ ಮೊಣಕಾಲಿನತನಕ ಸವರಿದರು. ಆಮೇಲೆ ಮೊಣಕೈ ತಿರುಗಿಸಿ ನೋಡಿದರು. ಕೆಂಪು ಇನ್ನೂ ಅಲ್ಲೇ ಇತ್ತು. ಅವರು ನನ್ನನ್ನು ದಾಟಿ ಬೇವಿನ ಮರದ ಬುಡದ ಕಲ್ಲನ್ನು ನೇರವಾಗಿ ನೋಡಿದರು. ಹೆದರಿದ ಮುಖವಾಗಿರಲಿಲ್ಲ ಅದು.

"ಹೋಗೂದಿದ್ರ ಹೋಗು ತಾಯಿ," ಎಂದರು. "ಇರೂದಿದ್ರ ಇರು. ಮನ್ಯಾಗ ಮಂದಿ ಅದೀವಿ, ನೀನೂ ಇರು. ನಾ ಇವತ್ತ ಒಗ್ಗರಣಿ ಹಾಕ್ತೀನಿ."

ಮನೆಗೆ ಬಂದವರು ಸಾಸಿವೆ ಡಬ್ಬಿಯ ಧೂಳು ಸೆರಗಿನಿಂದ ಒರೆಸಿದರು. ನಾನು ಹಾಕುತ್ತೇನೆ ಎಂದರೆ ಕೇಳಲಿಲ್ಲ. ಒಲೆಯ ಮುಂದೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎಣ್ಣೆ ಕಾಯುವವರೆಗೂ ಒಂದು ಕೈಯಿಂದ ಅವಳನ್ನು ಅವುಚಿ ಹಿಡಿದಿದ್ದರು. ಸಾಸಿವೆ ಸಿಡಿಯಿತು, ಬೆಳ್ಳುಳ್ಳಿ ಕೆಂಪಾಯಿತು, ಘಾಟು ಪಡಸಾಲೆಗೂ ಹೋಯಿತು. ಅಲ್ಲಿ ಕೂತಿದ್ದ ಮಾವ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಮಗು ಮೂಗು ಅರಳಿಸಿ ನಕ್ಕಿತು. ಅತ್ತೆ ಬೇಳೆಗೆ ಒಗ್ಗರಣೆ ಸುರಿದು ಮೊದಲ ತುತ್ತು ಅವಳ ಬಾಯಿಗೇ ಇಟ್ಟರು.

ಆ ದಿನ ಸಂಜೆಯವರೆಗೂ ಅತ್ತೆ ಬೇರೆ ಕೆಲಸ ಮಾಡಲಿಲ್ಲ. ಮಗು ಗೋಡೆಯಿಂದ ಕಂಬಕ್ಕೆ, ಕಂಬದಿಂದ ಗೋಡೆಗೆ ನಡೆಯುತ್ತಿದ್ದರೆ ಅದರ ಹಿಂದೆ ಹಿಂದೆ ಹೋಗಿ ಹಣೆ ಮುಟ್ಟಿ ನೋಡುತ್ತಿದ್ದರು. ದೀಪ ಹಚ್ಚಿದ ಮೇಲೂ ಮುಟ್ಟಿ ನೋಡಿದರು. ಹಣೆ ತಣ್ಣಗಿತ್ತು.